ಕಿವಿಗೆ ನೀರು ಹೊಕ್ಕ ಪ್ರಸಂಗ

ಮಳೆಯಲ್ಲಿ ನೆನೆದು ಬಂದರೆ, ತಲೆಗೆ ನೀರು ಹೊಯ್ದುಕೊಂಡರೆ, ನಾನು ಒಂಟಿಕಾಲಿನ ಮೇಲೆ ಕುಪ್ಪಳಿಸುತ್ತೇನೆ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಅಂಗೈಯಿಂದ ಕಿವಿಯ ಮೇಲೆ ತಟ್ಟುತ್ತ ಕುಪ್ಪಳಿಸುವುದು. ಬಿ.ಎ. ಆದ ಮೇಲೂ ಇದನ್ನು ಬಿಟ್ಟಿಲ್ಲ, ಕಾನೂನು ಓದಿದ ಮೇಲೂ ಬಿಟ್ಟಿಲ್ಲ. ಮೊನ್ನೆ, ನಾನು ಕೆಲಸ ಕಲಿಯುತ್ತಿರುವ ವಕೀಲರ ಮನೆಯ ಜಗಲಿಯಲ್ಲಿ ಹೀಗೆ ಕುಪ್ಪಳಿಸುತ್ತಿದ್ದಾಗ, ಬೆಳಗಿನಿಂದ ಕಾದು ಕೂತಿದ್ದ ಕಕ್ಷಿಗಾರನೊಬ್ಬ ಎದ್ದು ನಿಂತು, ಹೆಗಲ ಮೇಲಿನ ಬೈರಾಸನ್ನು ಸೊಂಟಕ್ಕೆ ಕಟ್ಟಿ, ಕೈಮುಗಿದ. ನನ್ನ ಮೈಮೇಲೆ ಯಾವುದೋ ದೈವ ಬಂದಿದೆ ಎಂದು ಅವನ ಎಣಿಕೆ. ದೈವ ಮೈಮೇಲೆ ಬರುತ್ತದೆ ಎಂಬುದರ ವಿರುದ್ಧ ಕಾಲೇಜಿನ ಚರ್ಚಾಕೂಟದಲ್ಲಿ ಮಾತಾಡಿ ಪದಕ ಗೆದ್ದವನು ನಾನು. ಅದನ್ನೆಲ್ಲ ಅವನಿಗೆ ವಿವರಿಸಿ ಹೇಳಿದೆ. ಅವನು ಭಕ್ತಿಯಿಂದ ಕೇಳಿದ. ಕೇಳಿಯಾದ ಮೇಲೆ, ತನ್ನ ಗದ್ದೆಯ ವ್ಯಾಜ್ಯ ಗೆಲ್ಲುವುದೋ ಇಲ್ಲವೋ ಎಂದು ಅಪ್ಪಣೆ ಕೊಡಿಸಬೇಕೆಂದ.

ಅವನನ್ನು ದೂರಿ ಫಲವಿಲ್ಲ. ಒಬ್ಬ ಮನುಷ್ಯ ಒಂಟಿಕಾಲಿನಲ್ಲಿ ಕುಣಿಯುವುದಕ್ಕೆ ದೈವ ಕಾರಣವೋ ಕಿವಿಯ ನೀರು ಕಾರಣವೋ ಎಂದು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಕಿವಿ ಎಂಬ ಅವಯವದ ಮೇಲೆಯೇ ನನಗೊಂದು ಆಕ್ಷೇಪವಿದೆ. ಕಣ್ಣಿಗೆ ರೆಪ್ಪೆ ಉಂಟು, ಬಾಯಿಗೆ ತುಟಿ ಉಂಟು, ಮೂಗನ್ನು ಕೂಡ ಬೆರಳಿನಿಂದ ಹಿಡಿದು ಮುಚ್ಚಬಹುದು. ಕಿವಿಗೆ ಮಾತ್ರ ಬಾಗಿಲಿಲ್ಲ. ನೀರೂ ಬರಬಹುದು, ಹಿರಿಯರ ಬುದ್ಧಿಮಾತೂ ಬರಬಹುದು. ಎರಡೂ ಒಳಹೊಕ್ಕ ಮೇಲೆ ಹೊರಗೆ ಬರಲು ಒಪ್ಪುವುದಿಲ್ಲ.

ನನಗೆ ಈಜು ಕಲಿಸಿದವರು ನನ್ನ ಸೋದರಮಾವ. ಕಲಿಸಿದರು ಎನ್ನುವುದು ಮನೆಯವರ ಹೇಳಿಕೆ. ನಡೆದದ್ದು ಏನೆಂದರೆ, ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಹುರಿಹಗ್ಗದಿಂದ ಜೋಡಿಸಿ, ನನ್ನ ಎದೆಗೆ ಕಟ್ಟಿ, ಕೊಡಿಯಾಲ್‌ಬೈಲಿನಲ್ಲಿ ನಮ್ಮ ಗದ್ದೆಯ ತಲೆಗಿರುವ ಕೆರೆಗೆ ನೂಕಿದರು. ಒಣ ತೆಂಗಿನಕಾಯಿ ಮುಳುಗುವುದಿಲ್ಲ, ನಿಜ. ಆದರೆ ಅದಕ್ಕೆ ಕಟ್ಟಿದವನ ತಲೆ ಮೇಲಿರಬೇಕೋ ಕೆಳಗಿರಬೇಕೋ ಎಂಬ ಬಗ್ಗೆ ತೆಂಗಿನಕಾಯಿಗೆ ಯಾವ ಅಭಿಪ್ರಾಯವೂ ಇಲ್ಲ. ಮಾವ ಮುರಕಲ್ಲಿನ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕುತ್ತ, ನಾನು ಕೆರೆಯನ್ನು ಕುಡಿಯುವುದನ್ನು ಶಾಂತರಾಗಿ ನೋಡುತ್ತಿದ್ದರು. ಮೇಲೆ ಬಂದ ಮೇಲೆ ಕಿವಿಯ ಶಾಸ್ತ್ರ. ಬಿಸಿಲಿಗೆ ಕಾದ ಕಲ್ಲಿನ ಹರಳನ್ನು ಕಿವಿಗೆ ಒತ್ತಿ ಹಿಡಿದು ಕುಪ್ಪಳಿಸಬೇಕು. ಬಲಗಿವಿಗೆ ಬಲಗಾಲು. ಎಡಗಿವಿಗೆ ಯಾವ ಕಾಲು ಎಂಬ ಬಗ್ಗೆ ಕೆರೆಯ ಹುಡುಗರಲ್ಲಿ ಎರಡು ಪಂಥಗಳಿದ್ದವು. ನನ್ನ ವಾದಪ್ರತಿಭೆ ಮೊದಲು ಬೆಳಕಿಗೆ ಬಂದದ್ದು ಅಲ್ಲಿ. ಮೈಯಲ್ಲಿ ಚಡ್ಡಿ ಇಲ್ಲದೆ ಅಷ್ಟು ಖಚಿತವಾಗಿ ನಾನು ಮತ್ತೆಂದೂ ವಾದಿಸಿಲ್ಲ.

ಈ ಕೆರೆಗೆ ಕೆಲವು ವರ್ಷಗಳ ಹಿಂದೆ ನಾನೇ ಗುರುವಾಗಿ ಇಳಿಯಬೇಕಾಯಿತು. ಶಿಷ್ಯೆ ನನ್ನ ಅಕ್ಕನ ಮಗಳು ಲೀಲಾ. ಏಳು ವರ್ಷದವಳು. ಮುಂದಿನ ಎರಡು ಹಲ್ಲು ಬಿದ್ದುಹೋಗಿದ್ದುದರಿಂದ ಅವಳು ಏನು ಹೇಳಿದರೂ ಸ್ವಲ್ಪ ಗಾಳಿ ಸೇರಿ ಬರುತ್ತಿತ್ತು.

ನಮ್ಮದು ಅಳಿಯಸಂತಾನದ ಮನೆ. ಮಕ್ಕಳು ತಾಯಿಯ ಮನೆಗೆ ಸೇರಿದವರು, ಅವರ ಮೇಲಿನ ಅಧಿಕಾರ ಸೋದರಮಾವನಿಗೆ. ತಂದೆಯಾದವರು ಬರುತ್ತಾರೆ, ಬೆಲ್ಲ ನೀರು ಕುಡಿಯುತ್ತಾರೆ, ಮಳೆ ಬೆಳೆಯ ವಿಚಾರ ಮಾತಾಡಿ ಹೋಗುತ್ತಾರೆ. ಅಕ್ಕ ಇದ್ದದ್ದು ಭಾವನ ಮನೆಯಲ್ಲಿ, ಗುರುಪುರ ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ. ಸುತ್ತ ನೀರು, ನಡುವೆ ತೆಂಗು, ಆಚೆ ದಡಕ್ಕೆ ಹೋಗಬೇಕಾದರೆ ದೋಣಿ. ಅಲ್ಲಿಯ ಗಂಡುಮಕ್ಕಳು ಬೆಳಿಗ್ಗೆ ದೋಣಿಯಲ್ಲಿ ಬಂದರಿನ ಕಡೆಯ ಶಾಲೆಗೆ ಹೋಗಿ ಸಂಜೆ ಮರಳುತ್ತಿದ್ದರು. ಲೀಲಾ ಬೆಳಿಗ್ಗೆ ದಂಡೆಯಲ್ಲಿ ನಿಂತು ಅವರನ್ನು ಬೀಳ್ಕೊಡುವಳು. ಸಂಜೆ ಸುಂಕದ ಕಟ್ಟೆಯವರಂತೆ ಅಲ್ಲಿಯೇ ಅಡ್ಡ ನಿಂತು, ಆ ದಿನ ಕಲಿತದ್ದನ್ನು ಒಪ್ಪಿಸದೆ ಯಾರನ್ನೂ ಮನೆಗೆ ಬಿಡುತ್ತಿರಲಿಲ್ಲವಂತೆ. ಹೀಗೆ ವಸೂಲಿಯಾದ ಮಗ್ಗಿ ಅವಳಿಗೆ ಹನ್ನೆರಡರವರೆಗೆ ಬಾಯಿಪಾಠವಾಗಿತ್ತು. ಇನ್ನು ಇವಳನ್ನು ಶಾಲೆಗೆ ಹಾಕದೆ ಬೇರೆ ದಾರಿಯಿಲ್ಲ ಎಂದು ಅಕ್ಕನಿಗೆ ಅನ್ನಿಸಿತು. ಆ ಬೇಸಗೆಯಲ್ಲಿ ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದವಳು ದೊಡ್ಡಣ್ಣನ ಎದುರು ನಿಂತು ಕೇಳಿದಳು.

ದೊಡ್ಡಣ್ಣ ನಮ್ಮ ಮನೆಯ ಯಜಮಾನರು, ನನಗಿಂತ ಇಪ್ಪತ್ತು ವರ್ಷಕ್ಕೆ ಹಿರಿಯರು. ಬಾಯಲ್ಲಿ ಚುಟ್ಟಾ ಇಟ್ಟುಕೊಂಡೇ ತೀರ್ಪು ಕೊಡುತ್ತಿದ್ದರು.

“ಶಾಲೆಗೆ ಹೋಗ್ಲಿ. ಆದರೆ ಈಜು ಬಾರದವಳನ್ನು ನಾನು ದೋಣಿಗೆ ಹತ್ತಿಸುವುದಿಲ್ಲ.”

ಹಿಂದಿನ ಮಳೆಗಾಲದಲ್ಲಿ ಅಳಿವೆಯ ಹತ್ತಿರ ಒಂದು ದೋಣಿ ಮಗುಚಿದ್ದನ್ನು ಅವರು ದಡದಲ್ಲಿ ನಿಂತು ಕಂಡಿದ್ದರು. ಎಲ್ಲರೂ ಈಜಿ ದಡ ಸೇರಿದರು, ಒಬ್ಬನನ್ನು ಬಿಟ್ಟು. ಅವನು ಅಕ್ಕಿ ಕೊಳ್ಳಲು ಬಂದ ಘಟ್ಟದ ಮೇಲಿನವನು.

ಮಗುವನ್ನು ಇಲ್ಲಿಯೇ ಬಿಟ್ಟು ಹೋಗು, ಇಲ್ಲಿಂದ ಶಾಲೆಗೆ ಹೋಗ್ಲಿ ಎಂದು ಅಮ್ಮ ಹೇಳಿ ನೋಡಿದಳು. ಒಂದು ಮಗು ಅಲ್ಲಿ, ಒಂದು ಮಗು ಇಲ್ಲಿ, ತನ್ನಿಂದ ಆಗದು ಎಂದು ಅಕ್ಕ ಕಣ್ಣೀರಿಟ್ಟಳು. ಹಾಗಾದರೆ ಮುಂದಿನ ವರ್ಷ ನೋಡುವ ಎಂದರು ಅಣ್ಣ. ಹೆಣ್ಣುಮಗುವಿನ ಶಾಲೆಯ ವಿಚಾರದಲ್ಲಿ ಮುಂದಿನ ವರ್ಷ ಎಂದರೆ ಏನೆಂದು ಆ ಜಗಲಿಯಲ್ಲಿ ಎಲ್ಲರಿಗೂ ತಿಳಿದಿತ್ತು. ಲೀಲಾಳಿಗೂ ತಿಳಿದಿತ್ತು ಎಂದು ಕಾಣುತ್ತದೆ. ಅವಳು ನೇರ ನನ್ನ ಹತ್ತಿರ ಬಂದು, “ಸಣ್ಣಮಾವ, ಕೆರೆಗೆ ಈಗಲೇ ಹೋಗುವುದಾ?” ಎಂದಳು.

ಮಳೆ ಹಿಡಿಯಲು, ಶಾಲೆ ತೆರೆಯಲು ಇನ್ನೊಂದು ತಿಂಗಳಿತ್ತು. ಆ ತಿಂಗಳಿಗೆ ನಾನು ಗುರು.

ನನ್ನದು ವೈಜ್ಞಾನಿಕ ಪದ್ಧತಿ. ನೂಕುವುದಿಲ್ಲ, ತಿಳಿಸಿ ಹೇಳುವುದು. ಮೊದಲ ದಿನ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ನೀರಿಗೆ ಇಳಿದ ವಸ್ತು ತನ್ನ ಜಾಗದ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಸರಿದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ, ಆದ್ದರಿಂದ ಮನುಷ್ಯ ಸಹಜವಾಗಿಯೇ ತೇಲುವವನು ಎಂದು ವಿವರಿಸಿದೆ. ಅವಳು ಗಮನವಿಟ್ಟು ಕೇಳಿದಳು. ಆಮೇಲೆ ಒಂದು ಕಲ್ಲನ್ನು ಎತ್ತಿ ನೀರಿಗೆ ಹಾಕಿದಳು.

“ಇದು ಯಾಕೆ ಮುಳುಗಿತು?”

“ಅದಕ್ಕೆ ತೂಕ ಹೆಚ್ಚು, ಗಾತ್ರ ಕಡಿಮೆ.”

“ಕಲ್ಲಿಗೆ ಕಿವಿ ಇಲ್ಲ ಅಲ್ವಾ ಮಾವ. ನೀವು ಹೇಳಿದ್ದು ಅದಕ್ಕೆ ಕೇಳಿಸ್ಲಿಲ್ಲ.”

ಚರ್ಚಾಕೂಟದಲ್ಲಿ ಇಂಥ ಪ್ರತಿವಾದಿ ನನಗೆ ಸಿಕ್ಕಿರಲಿಲ್ಲ. ವಿಜ್ಞಾನವನ್ನು ದಡದಲ್ಲಿಟ್ಟು ತೆಂಗಿನಕಾಯಿ ಕಟ್ಟಿದೆ. ಲಂಗ ಉಟ್ಟು ಇಳಿದರೆ ಅದರೊಳಗೆ ಗಾಳಿ ತುಂಬಿ, ಮಗು ಬುಗುರಿಯಂತೆ ಇದ್ದಲ್ಲೇ ತಿರುಗುತ್ತಿತ್ತು. ನನ್ನ ಹಳೆಯ ಚಡ್ಡಿಗೆ ದಾರ ಕಟ್ಟಿ ತೊಡಿಸಿದೆವು. ಮೊದಲು ಮೆಟ್ಟಿಲು ಹಿಡಿದು ಕಾಲು ಬಡಿಯುವುದು. ಆಮೇಲೆ ಮುಖವನ್ನು ನೀರಿಗಿಟ್ಟು ಗುಳುಗುಳು ಉಸಿರು ಬಿಡುವುದು. ಆಮೇಲೆ ನನ್ನ ಅಂಗೈಯ ಮೇಲೆ ಅಂಗಾತ ಮಲಗುವುದು. ನಾನು ಕೈ ತೆಗೆಯುವುದಿಲ್ಲವೆಂದು ಮಾತು ಕೊಟ್ಟರೆ ಅವಳು ತೇಲುತ್ತಿದ್ದಳು, ಕೊಡದಿದ್ದರೆ ಮುಳುಗುತ್ತಿದ್ದಳು. ಕೈ ಇದ್ದರೂ ಇಲ್ಲದಿದ್ದರೂ ಫಲಿತಾಂಶ ಅದೇ. ನಂಬಿಕೆಯ ವಿಷಯದಲ್ಲಿ ನನ್ನ ನಿಲುವಿಗೆ ಇದು ಸ್ವಲ್ಪ ತೊಡಕಾದ ಸಾಕ್ಷ್ಯ, ಅದನ್ನು ನಾನು ಯಾವ ಭಾಷಣದಲ್ಲೂ ಬಳಸಿಲ್ಲ. ದೊಡ್ಡ ಕಾಯಿಗಳಿಂದ ಸಣ್ಣ ಕಾಯಿಗಳಿಗೆ, ಎರಡು ಕಾಯಿಯಿಂದ ಒಂದಕ್ಕೆ ಅವಳು ಬಡ್ತಿ ಪಡೆಯುತ್ತ ಹೋದಳು. ಹೊತ್ತು ನೆತ್ತಿಗೇರುವವರೆಗೆ ನೀರು ಬಿಟ್ಟು ಏಳಳು. ಕಣ್ಣು ಕೆಂಪು, ಬೆರಳ ತುದಿ ಸುಕ್ಕು, ಮೈಯೆಲ್ಲ ಕೆರೆಯ ವಾಸನೆ.

ಕೊನೆಯ ಕಾಯಿಯನ್ನು ಬಿಚ್ಚುವ ಹೊತ್ತಿಗೆ ಅವಳ ಎಡಗಿವಿ ನೋಯತೊಡಗಿತು. ಮೊದಲು ತುರಿಕೆ, ಆಮೇಲೆ ನೋವು. ಆ ಮಗ್ಗುಲಿಗೆ ಮಲಗಲಾರಳು. ಕಿವಿಯನ್ನು ಮುಟ್ಟಿದರೆ ಸಾಕು, ಕಿರುಚುವಳು.

ನಮ್ಮ ಮನೆಯಲ್ಲಿ ಮಗುವಿನ ಮೇಲೆ ಪ್ರೀತಿ ತೋರಿಸುವ ಕ್ರಮವೊಂದಿದೆ. ಅದರ ಕಿವಿಗೆ ಏನಾದರೂ ಹಾಕಬೇಕು. ಮುತ್ತು ಕೊಡುವ ರೂಢಿ ನಮ್ಮಲ್ಲಿಲ್ಲ, ಹೊಗಳಿದರೆ ದೃಷ್ಟಿಯಾಗುತ್ತದೆ, ಉಳಿದದ್ದು ಕಿವಿ. ಅಮ್ಮ ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ, ಬೆಚ್ಚಗಿರುವಾಗಲೇ ಹನಿಸಿದಳು. ಎಣ್ಣೆಯಿಂದ ಕಿವಿ ಕಟ್ಟಿತೆಂದು ಅಕ್ಕ ಕೋಳಿಗರಿ ಆಡಿಸಿ ತೆಗೆದಳು. ಅದು ಉರಿಯಿತೆಂದು, ತೊಟ್ಟಿಲ ಕೂಸಿಗೆ ಹಾಲೂಡಿಸುವವಳಲ್ಲವೇ, ಎರಡು ತೊಟ್ಟು ಎದೆಹಾಲು ಹಿಂಡಿದಳು. ದೊಡ್ಡಣ್ಣ ಈ ಹೆಂಗಸರ ಮದ್ದುಗಳನ್ನು ಒಪ್ಪುವವರಲ್ಲ. ಯಾರೂ ಇಲ್ಲದಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಚುಟ್ಟಾದ ಹೊಗೆಯನ್ನು ಕಿವಿಯೊಳಗೆ ಊದಿದರು. ಪ್ರತಿಯೊಬ್ಬರೂ ತಮ್ಮ ಮದ್ದನ್ನು ಇನ್ನೊಬ್ಬರ ಕಣ್ಣು ತಪ್ಪಿಸಿ ಮಾಡಿದರು. ಪ್ರತಿಯೊಬ್ಬರಿಗೂ ಲೀಲಾ, ಈಗ ಸ್ವಲ್ಪ ಕಡಿಮೆ ಉಂಟು ಎಂದಳು. ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಕೇಳಿದೆ. ನೋವು ಹೆಚ್ಚಾಯಿತೆಂದರೆ ಈಜು ನಿಲ್ಲಿಸುತ್ತಾರಲ್ಲ, ಅದಕ್ಕೆ ಎಂದಳು.

ನಾನು ಮಾತ್ರ ವಿಚಾರವಾದಿ. ಬಿಸಿ ಮಾಡಿ ಆರಿಸಿದ ಉಪ್ಪುನೀರಿನಿಂದ ಕಿವಿಯನ್ನು ತೊಳೆದೆ. ತೊಳೆಯಲು ಪಿಚಕಾರಿ ಬೇಕಲ್ಲ, ಪೆನ್ನಿಗೆ ಶಾಯಿ ತುಂಬುವ ಫಿಲ್ಲರು ಇತ್ತು.

ನಾಲ್ಕನೆಯ ದಿನ ಕಿವಿ ಸೋರಿತು. ಡಾಕ್ಟರರಲ್ಲಿಗೆ ಅಮ್ಮ, ಅಕ್ಕ, ನಾನು, ಎಲ್ಲರೂ ಹೊರಟೆವು. ದೊಡ್ಡಣ್ಣ ಅದೇ ದಾರಿಯಲ್ಲಿ ಏನೋ ಕೆಲಸವಿದೆಯೆಂದು ಹಿಂದಿನಿಂದ ಬಂದರು. ಡಾಕ್ಟರರು ನಮ್ಮ ಬೀದಿಯ ಕೊನೆಯಲ್ಲಿದ್ದ ಇಗರ್ಜಿಯ ಪಕ್ಕದ ಮನೆಯ ಕೊಂಕಣಿ ಕ್ರೈಸ್ತರು, ನಿಧಾನದ ಮನುಷ್ಯ. ಹಣೆಗೆ ದುಂಡು ಕನ್ನಡಿ ಕಟ್ಟಿಕೊಂಡು ಬಹಳ ಹೊತ್ತು ಒಳಗೆ ನೋಡಿದರು. ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದನ್ನೇ ತೆಗೆದು ಬಿಳಿ ಬಸಿಯಲ್ಲಿಡುತ್ತ ಹೋದರು.

“ಬೆಳ್ಳುಳ್ಳಿ ಯಾರದ್ದು?”

ಅಮ್ಮ ಗೋಡೆಯ ಮೇಲಿನ ಯೇಸುವಿನ ಪಟವನ್ನು ನೋಡಿದಳು. ಮುಂದೆ ಗರಿಯ ಎಳೆ ಬಂತು. ಡಾಕ್ಟರರು ಬಗ್ಗಿ ಮೂಸಿ ನೋಡಿ, ಮಗುವಿಗೆ ಚುಟ್ಟಾ ಅಭ್ಯಾಸ ಉಂಟಾ ಎಂದು ಕೇಳಿದರು. ಹೊರಗೆ ಜಗಲಿಯಲ್ಲಿ ದೊಡ್ಡಣ್ಣ ಕೆಮ್ಮಿದರು. ಕೊನೆಗೆ ಒಂದು ಹತ್ತಿಯ ಉಂಡೆ ಬಂತು, ನೀಲಿ.

“ಈ ನೀಲಿ?”

ಅದು ರೋಗದ ಲಕ್ಷಣ ಇರಬಹುದೇ ಎಂದು ನಾನು ವಿನಯದಿಂದ ಸೂಚಿಸಿದೆ. ಡಾಕ್ಟರರು ನನ್ನ ಅಂಗಿಯ ಜೇಬಿನ ಕಲೆಯನ್ನು ನೋಡಿದರು, ಮತ್ತೆ ನನ್ನ ಮುಖವನ್ನು ನೋಡಿದರು.

“ಅಮ್ಮಾ,” ಎಂದರು ಅಮ್ಮನ ಕಡೆ ತಿರುಗಿ, “ಈ ಕಿವಿಗೆ ಬಂದದ್ದು ಸ್ವಲ್ಪ ನೀರು ಮಾತ್ರ. ಉಳಿದದ್ದೆಲ್ಲ ನೀವು ತಂದದ್ದು.”

ಆಮೇಲೆ ಅವರು ಹೇಳಿದ್ದು ಇಷ್ಟು. ನೀರು ಒಳಗೆ ನಿಂತರೆ ಅಲ್ಲಿಯ ತೆಳು ಚರ್ಮ ನೆನೆದು ಮೆತ್ತಗಾಗುತ್ತದೆ, ಮೆತ್ತಗಾದದ್ದನ್ನು ಕೆರೆದರೆ ಹುಣ್ಣಾಗುತ್ತದೆ. ಗುಗ್ಗೆ ಕೊಳೆಯಲ್ಲ, ಅದು ಕಿವಿಯ ಕಾವಲು, ಅದನ್ನು ಬಿಟ್ಟುಬಿಡಬೇಕು. ಈಜಿ ಬಂದ ಮೇಲೆ ತಲೆ ವಾಲಿಸಿ, ಕಿವಿಯನ್ನು ಮೆಲ್ಲಗೆ ಎಳೆದು ಹಿಡಿದು, ನೀರು ತಾನಾಗಿ ಇಳಿಯುವವರೆಗೆ ಕಾಯಬೇಕು. ಬಟ್ಟೆಯಿಂದ ಹೊರಗೆ ಒರೆಸಬೇಕು. ಈಗ ವಾಸಿಯಾಗುವವರೆಗೆ ತಾವು ಕೊಡುವ ಹನಿಮದ್ದು, ಅದನ್ನು ಬಿಟ್ಟು ಒಳಗೆ ಎಂತದೂ ಹಾಕಬಾರದು.

“ಎಂತದೂ ಅಂದ್ರೆ,” ಅಮ್ಮ ಕೇಳಿದಳು, “ಎಣ್ಣೆ ಹಾಕಬಹುದಲ್ವಾ?”

“ಎಂತದೂ ಅಂದ್ರೆ ಎಂತದೂ.”

ಮನೆ ಸಮೀಪಿಸಿದಾಗ ಅಮ್ಮ, ಪಾಪದ ಮನುಷ್ಯ, ಮದ್ದು ಗೊತ್ತಿದ್ದ ಹಾಗೆ ಕಾಣುವುದಿಲ್ಲ ಎಂದಳು. ಗೊತ್ತಿದ್ದರೆ ಏನಾದರೂ ಮಾಡಿ ಎನ್ನುತ್ತಿದ್ದರು, ಸುಮ್ಮನಿರಿ ಎನ್ನುತ್ತಿರಲಿಲ್ಲ.

ಅಂದಿನಿಂದ ನಮ್ಮ ಮನೆ ಪಟ್ಟ ಕಷ್ಟ ಹೇಳತೀರದು. ಏನೂ ಮಾಡದೆ ಕೂರುವುದು ಎಷ್ಟು ದೊಡ್ಡ ಕೆಲಸವೆಂದು ನನಗೆ ಆಗ ತಿಳಿಯಿತು. ಅಮ್ಮ ಒಗ್ಗರಣೆಗೆಂದು ಬೆಳ್ಳುಳ್ಳಿ ಜಜ್ಜಿದರೆ ಅಕ್ಕ ಓಡಿ ಬಂದು ನೋಡುವಳು. ಅಕ್ಕ ಕೋಳಿಗೂಡಿನ ಕಡೆ ಹೋದರೆ ಅಮ್ಮ ಹಿಂದೆ ಹೋಗುವಳು. ಲೀಲಾ ದೊಡ್ಡಣ್ಣನನ್ನು ಕಂಡರೆ ಎಡಗಿವಿಯನ್ನು ಮುಚ್ಚಿಕೊಳ್ಳುವಳು. ಹೀಗೆ ಪರಸ್ಪರ ಅಪನಂಬಿಕೆಯಿಂದ ಕಿವಿ ವಾಸಿಯಾಗುತ್ತ ಬಂತು.

ಆದರೆ ದಿನಗಳು ಕಳೆದುಹೋಗಿದ್ದವು. ಶಾಲೆ ತೆರೆಯುವ ಸೋಮವಾರ ಸಮೀಪಿಸಿತು. ಮತ್ತೆ ಡಾಕ್ಟರರಲ್ಲಿಗೆ ಹೋದರೆ, ಇನ್ನೂ ಒಂದೆರಡು ವಾರ ನೀರು ತಾಗದಿದ್ದರೆ ಒಳ್ಳೆಯದು ಎಂದರು. ಲೀಲಾ ಅವರ ಮುಖವನ್ನೇ ನೋಡುತ್ತ ನಿಂತಳು. ಡಾಕ್ಟರರು ಕನ್ನಡಿ ಬಿಚ್ಚಿಟ್ಟು, “ಕಿವಿ ನೀರಿನ ಮೇಲೆ ಇರುವುದಾದ್ರೆ ಉಳಿದ ಮೈ ಎಲ್ಲಿದ್ರೂ ನನ್ನ ಅಡ್ಡಿ ಇಲ್ಲ. ಒಂದು ವೇಳೆ ಒದ್ದೆಯಾದ್ರೂ ಹೆದರ್ಬೇಡಿ, ಒಣಗಿಸಿ,” ಎಂದರು.

ಅಷ್ಟು ಸಾಕಿತ್ತು. ಅವಳ ತಲೆಗೆ ಬೈರಾಸನ್ನು ಮುಂಡಾಸಿನಂತೆ ಬಿಗಿದು, ಎಮ್ಮೆ ಈಜುವ ಹಾಗೆ ಗಲ್ಲವನ್ನು ಮೇಲೆತ್ತಿ ಈಜುವುದನ್ನು ಕಲಿಸಿದೆ. ಶನಿವಾರ ದೊಡ್ಡಣ್ಣ ಪರೀಕ್ಷೆಗೆ ಬಂದರು. ಅಮ್ಮ, ಅಕ್ಕ ಮೇಲಿನ ಮೆಟ್ಟಿಲಲ್ಲಿ ನಿಂತರು. ಲೀಲಾ ಮುಂಡಾಸು ಕಟ್ಟಿ, ನನ್ನ ಚಡ್ಡಿ ತೊಟ್ಟು, ನೀರಿನಲ್ಲಿ ಸೊಂಟದವರೆಗೆ ನಿಂತು ಅಪ್ಪಣೆಗೆ ಕಾದಳು.

“ಇದೆಂತದು, ತಲೆಗೆ?” ಎಂದರು ದೊಡ್ಡಣ್ಣ.

ನಾನು ವಿವರಿಸಿದೆ.

“ದೋಣಿ ಮಗುಚುವಾಗ ಇವಳು ಮುಂಡಾಸು ಕಟ್ಟುವವರೆಗೆ ಹೊಳೆ ನಿಲ್ತದಾ? ಮುಳುಗಿ ಏಳ್ಲಿಕ್ಕೆ ಬರ್ಬೇಕು ಮಾರಾಯ. ತಲೆ ಒಣಗಿದ್ರೆ ಅದು ಈಜು ಅಲ್ಲ.”

ಅದು ಒಳ್ಳೆಯ ವಾದವಾಗಿತ್ತು. ಒಳ್ಳೆಯ ವಾದ ಎದುರಿಗೆ ಬಂದರೆ ನಾನು ಸುಮ್ಮನಿರುವವನಲ್ಲ. ಈಜು ಎಂದರೇನು ಎಂದು ಮೊದಲು ಗೊತ್ತುಮಾಡಿಕೊಳ್ಳೋಣ ಎಂದೆ. ನೀರಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತನ್ನ ಬಲದಿಂದ ಹೋಗುವುದು ಈಜು, ಮುಳುಗುವುದು ಅದರ ಅಂಗವಲ್ಲ, ಅದರ ವಿಫಲತೆ. ಅಣ್ಣ, ಎಮ್ಮೆಯೂ ಹೋಗ್ತದೆ, ಅದನ್ನೂ ಶಾಲೆಗೆ ಕಳಿಸುವುದಾ ಎಂದರು. ನಾನು ಎಮ್ಮೆಯ ಪ್ರಸ್ತಾಪ ವಿಷಯಾಂತರವೆಂದೆ. ಮಾತು ಹೀಗೆ ಕಾವೇರಿ, ನಾವಿಬ್ಬರೂ ಕೆರೆಯನ್ನು ಮರೆತು ಒಬ್ಬರಿಗೊಬ್ಬರು ಎದುರಾಗಿ ನಿಂತಿದ್ದೆವು. ಅಕ್ಕ ಏನೋ ಹೇಳಿದಳು. ನಾವು ಕೇಳಲಿಲ್ಲ. ಅಮ್ಮ ಹೇಳಿದಳು. ಕೇಳಲಿಲ್ಲ.

ತಿರುಗಿ ನೋಡಿದಾಗ ಲೀಲಾ ಆಚೆ ದಡದ ಮೆಟ್ಟಿಲಲ್ಲಿ ಕೂತಿದ್ದಳು. ಮುಂಡಾಸು ಒಣಗಿಯೇ ಇತ್ತು.

“ನಾನು ನೋಡ್ಲಿಲ್ಲ,” ಎಂದರು ದೊಡ್ಡಣ್ಣ ಗಂಭೀರವಾಗಿ. ಯಜಮಾನರು ನೋಡದ್ದು ನಮ್ಮ ಮನೆಯಲ್ಲಿ ನಡೆದಂತೆ ಅಲ್ಲ. “ಗದ್ದೆಯ ಹುಣಿಯಲ್ಲಿ ಸುತ್ತಿ ಬಾ ಮಗಾ.”

ಲೀಲಾ ಆ ಇಕ್ಕಟ್ಟಿನ ಬದುವಿನ ಕಡೆ ನೋಡಿದಳು. ಮೊದಲ ಮಳೆಗೆ ಕೆಸರಾಗಿತ್ತು. ನಡುವೆ ಯಾರೋ ಕೋಣ ಕಟ್ಟಿದ್ದರು. ಅವಳು ಒಂದು ಕ್ಷಣ ಯೋಚಿಸಿ, ಬಂದ ದಾರಿಯಲ್ಲಿಯೇ ಇಳಿದಳು.

ಈಗ ಎಲ್ಲರೂ ನೋಡುತ್ತಿದ್ದೆವು. ನಡುಗೆರೆಗೆ ಬಂದಾಗ ಮುಂಡಾಸು ಸಡಿಲಿ ಕಣ್ಣಿನ ಮೇಲೆ ಜಾರಿತು. ಒಂದು ಕೈಯಿಂದ ಅದನ್ನು ಎತ್ತಲು ಹೋದಳು. ತಲೆ ನೀರೊಳಗೆ ಹೋಯಿತು. ಬೈರಾಸು ಮಾತ್ರ ಮೇಲೆ ಹರಡಿಕೊಂಡು ನಿಂತಿತು.

ಪಕ್ಕದಲ್ಲಿ ನೀರು ಸಿಡಿಯಿತು, ದೊಡ್ಡಣ್ಣ ಉಟ್ಟ ಬಟ್ಟೆಯಲ್ಲೇ ಎದೆಮಟ್ಟ ನೀರಿನಲ್ಲಿದ್ದರು. ಅಷ್ಟರಲ್ಲಿ ಬೈರಾಸಿನಿಂದ ಒಂದು ಮಾರು ಈಚೆಗೆ ಕಪ್ಪು ತಲೆಯೊಂದು ಎದ್ದು, ಉಫ್ ಎಂದು ನೀರು ಉಗುಳಿ, ಕೈಕಾಲು ಬಡಿಯುತ್ತ ಅವರ ಕಡೆಗೇ ಬಂತು. ಅವರು ಚಾಚಿದ ಕೈಯನ್ನು ಹಿಡಿಯದೆ, ಅವರ ಪಕ್ಕದಿಂದ ಸುತ್ತಿ ಬಂದು, ಮೆಟ್ಟಿಲನ್ನು ಹಿಡಿಯಿತು.

ಅಮ್ಮ ಸೆರಗಿನ ತುದಿಯನ್ನು ಆಗಲೇ ಬತ್ತಿಯಂತೆ ಹೊಸೆಯುತ್ತಿದ್ದಳು. ದೊಡ್ಡಣ್ಣ ಒಂದು ನೋಟ ನೋಡಿದರು, ಅಮ್ಮ ಸೆರಗನ್ನು ಬಿಟ್ಟಳು. ಅವರು ತೊಯ್ದ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕೂತು, ಲೀಲಾಳ ತಲೆಯನ್ನು ತಮ್ಮ ತೊಡೆಯ ಕಡೆಗೆ ವಾಲಿಸಿ, ಎಡಗಿವಿಯನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ಎಳೆದು ಹಿಡಿದರು. ಹಿಡಿದು ಸುಮ್ಮನೆ ಕೂತರು.

“ಇಳೀತಾ?”

“ಇನ್ನೂ ಸ್ವಲ್ಪ ಉಂಟು.”

ಅವರು ಮತ್ತೂ ಕಾದರು. ಆಮೇಲೆ, ಅಕ್ಕನ ಕಡೆ ತಿರುಗದೆಯೇ, ಸೋಮವಾರದಿಂದ ಇವಳೂ ಉಂಟು ಅಂತ ದೋಣಿಯವನಿಗೆ ಹೇಳಿ ಕಳಿಸು ಎಂದರು.

ಅಕ್ಕ ಕಣ್ಣೊರೆಸಿಕೊಂಡಳು. ತೊಡೆಯ ಮೇಲೆ ವಾಲಿದ್ದ ತಲೆ ಅಲುಗಲಿಲ್ಲ.

“ದೊಡ್ಡಮಾವ, ಕಿವಿಯಲ್ಲಿ ನೀರು ಉಂಟಲ್ಲ, ನಂಗೆ ಕೇಳಿಸ್ಲಿಲ್ಲ.”

ಕೊಟ್ಟ ತೀರ್ಪನ್ನು ಎರಡನೆಯ ಸಲ ಹೇಳುವ ಪದ್ಧತಿ ನಮ್ಮ ಯಜಮಾನರಿಗೆ ಇರಲಿಲ್ಲ. ಅವರು ಅವಳ ಬಲಗಿವಿಯ ಹತ್ತಿರ ಬಗ್ಗಿ ಅದನ್ನೇ ಮತ್ತೊಮ್ಮೆ ಹೇಳಿದರು, ಈ ಸಲ ಚೂರು ಗಟ್ಟಿಯಾಗಿ.